ಮರಿಸೆಲ್ ವೀಸಾಕ್ಕೆ ಹೊಸ ಪತ್ರ

ಮಾಧುರಿ ಅಕ್ಕಾ,

ಝೆರಾಕ್ಸ್ ಅಂಗಡಿಯಲ್ಲಿ ಎಲ್ಲರೆದುರು ಕಾಕಾ, "ಏಳನೇತ್ತಾಕ್ಕ ಸಾಲಿ ಬಿಟ್ಟವಗ ಫಾರಿನ್ ಹುಡುಗಿ ಬೇಕಂತ ನೋಡ್ರಿ!" ಅಂದು ನಕ್ಕರು. ನಾನು ಮದುವೆಯಾಗಲಿರುವ ಮರಿಸೆಲ್‌ಗೆ ಹೋದ ಸಲ ವೀಸಾ ಸಿಗದಿದ್ದುದು ಅವರದೇ ಆಮಂತ್ರಣ ಪತ್ರದಿಂದ. ಅರ್ಜಿಯಲ್ಲಿ ಅವಳು ಮದುವೆಯಾಗಿಲ್ಲ ಎಂದು ತುಂಬಿದ್ದಳು. ಕಾಕಾ ಜನ ಏನಂದಾರು ಅಂತ ಹೆದರಿ 'ನಮ್ಮ ಮನೆ ಸೊಸೆ' ಎಂದು ಬರೆದುಕೊಟ್ಟರು.

ಈ ಸಲ ಅವ್ವನ ಹೆಸರಲ್ಲಿ ಬರೆದ ಹೊಸ ಪತ್ರ ಫ್ರಿಜ್ ಮೇಲಿದೆ. 'ನನ್ನ ಮಗ ಮದುವೆಯಾಗಲಿರುವ ಹುಡುಗಿ' ಎಂದೇ ಬರೆದಿದ್ದೇನೆ. ಅವ್ವನಿಗೆ ಓದಿ ಹೇಳಿ ಸಹಿ ಮಾಡಿಸು. ಲೈಟ್ ಬಿಲ್ ಅವ್ವನ ಹೆಸರಲ್ಲೇ ಇದೆ, ವಿಳಾಸದ ದಾಖಲೆಗೆ ಅದನ್ನೂ ಸೇರಿಸಿ ಫೋಟೊ ತೆಗೆದು ಮರಿಸೆಲ್‌ಗೆ ಕಳಿಸು. ಇವತ್ತೇ ಅರ್ಜಿ ಹೋಗದಿದ್ದರೆ ನಿನ್ನ ಸೀಮಂತದ ಕುಬಸಕ್ಕೆ ಅವಳು ಬರಲಾಗದು. ನಿನಗೆಂದು ಸೀರೆ ಬೇರೆ ತೆಗೆದಿಟ್ಟಿದ್ದಾಳೆ.

ಮಧ್ಯಾಹ್ನದ ಗುಳಿಗೆ ಮರೆಯಬೇಡ.

ಕಾಕಾ ಬಾಗಿಲಲ್ಲೇ ನಿಂತು, "ನನ್ನ ಸಹಿ ಇಲ್ಲದ ಹೆಂಗ ಬರ್ತಾಳ ನೋಡ್ತೀನಿ" ಅನ್ನುತ್ತಿದ್ದಾರೆ. ನಾನು ಡ್ಯೂಟಿಗೆ ಹೊರಟಿದ್ದೇನೆ.

ಮಾಂತು