ನೂರಾ ಹತ್ತು ದಾಟಬಾರದು

ಜನವರಿ 9, ಬೆಳಿಗ್ಗೆ 6.30
ಮೈದಾನ. ಒಂದೇ ಸುತ್ತು. ಓಟವಲ್ಲ — ನಡಿಗೆ! ವಾಚ್ ಎದೆಬಡಿತ 142 ತೋರಿಸಿತು. ಹೋದ ತಿಂಗಳು ಇದೇ ಬ್ಯಾಡಗಿ ಮೈದಾನದಲ್ಲಿ ನಾನೂರು ಮೀಟರ್ 1 ನಿಮಿಷ 34 ಸೆಕೆಂಡಿಗೆ ಮುಗಿಸಿದವಳು ನಾನೇನಾ? ಲಾಂಗ್‌ಜಂಪ್ ಮಾಡುವಾಗ ಹಿಂದಕ್ಕೆ ಬಿದ್ದು ತಲೆ ಕಟ್ಟೆಗೆ ಬಡಿದು ಇವತ್ತಿಗೆ ಇಪ್ಪತ್ತನಾಲ್ಕು ದಿನ. ಸ್ಕ್ಯಾನ್ ನಾರ್ಮಲ್. ಹಾಗಾದರೆ ಇದೇನು?

ಕಾನ್‌ಸ್ಟೆಬಲ್ ರಿಟನ್ ಪಾಸಾಗಿದೆ. ಫಿಸಿಕಲ್ ಫೆಬ್ರವರಿ 12ಕ್ಕೆ, ಹಾವೇರಿಯಲ್ಲಿ. ಎರಡು ನಿಮಿಷದೊಳಗೆ ಓಡಿದರೆ ಸಾಕು. ವಯಸ್ಸಿನ ಮಿತಿ ಈ ಸಲಕ್ಕೇ ಮುಗಿಯುತ್ತದೆ.

ಜನವರಿ 13
ಕೋಚ್ ಸರ್ ಹೇಳಿದ್ದರು: "ಅಂಜಿಕಿ ಅದು. ನಾಕ ಸುತ್ತು ಓಡು, ತಾನ ಬಿಟ್ಟು ಹೋಗ್ತೈತಿ." ಓಡಿದೆ. ಅರ್ಧ ಸುತ್ತಿಗೇ ಕಣ್ಣು ಕತ್ತಲೆ. ಆಮೇಲೆ ಎರಡು ದಿನ ಹಾಸಿಗೆ. ಬಿಟ್ಟು ಹೋದದ್ದು ಓಟ, ಅಂಜಿಕೆಯಲ್ಲ.

ಜನವರಿ 17, ರಾಣೆಬೆನ್ನೂರಿಂದ ಬರುವ ಬಸ್ಸು
ಡಾಕ್ಟರ್ ಮೆಟ್ಟಿಲು ಹತ್ತಿಸಿ ನೋಡಿದರು. "ಎದಿ ಗಟ್ಟಿ ಐತವಾ. ತಲಿಗೆ ಪೆಟ್ಟು ಬಿದ್ದು ಬಡಿತಾ ಸಂಭಾಳಿಸೂ ಹದಾ ತಪ್ಪೇತಿ. ನಿಧಾನ ನಡಿ. ನೂರಾ ಹತ್ತು ದಾಟಿದ್ರ ಕುಂದ್ರು."
"ಎಷ್ಟ ದಿನಾ ಸರ್?"
"ಹೇಳಾಕ ಬರಂಗಿಲ್ಲ."
ಅಷ್ಟೇ.

ಜನವರಿ 19
ಅವ್ವ ದೃಷ್ಟಿ ತೆಗೆದಳು. ಒಣಮೆಣಸಿನಕಾಯಿ ಕೆಂಡಕ್ಕೆ ಹಾಕಿ ಮೂಗು ಮುಂದೆ ಮಾಡಿದಳು. "ಘಾಟಽ ಇಲ್ಲ ನೋಡು. ಭಾಳ ದೊಡ್ಡ ಕಣ್ಣು ಬಿದ್ದೈತಿ ನಿನಗ." ಇಪ್ಪತ್ತು ವರ್ಷ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದವಳ ಮೂಗಿಗೆ ಘಾಟು ಎಲ್ಲಿಂದ ಹತ್ತಬೇಕು? ನಾನು ಕೆಮ್ಮಿ ಕೆಮ್ಮಿ ಸತ್ತೆ. "ಅಯ್ಯಽ, ಕೆಮ್ಮೂ ಸುರು ಆತು!" ಎಂದಳು.
ನಗು ಬಂತು. ನಕ್ಕರೂ 118.

ಫೆಬ್ರವರಿ 2
ಗೆಳತಿ ಶಾಹೀನ್ ದಿನಾ ಮೈದಾನಕ್ಕೆ ಬರುತ್ತಾಳೆ. ಅವಳದೂ ಅದೇ ದಿನ ಫಿಸಿಕಲ್. ತಾನು ಓಡಿ ಮುಗಿಸಿ, ನನ್ನ ಜೊತೆ ನಡೆಯುತ್ತಾಳೆ. ವಾಕಿಂಗಿನ ಅಜ್ಜಿಯರು ನಮ್ಮನ್ನು ದಾಟಿ ಹೋದರು. ಹದಿನೈದು ನಿಮಿಷ, 109. ಹಿಗ್ಗಿ, ಮನೆಗೆ ಬಂದು ಒಂದು ಕೊಡ ನೀರು ಎತ್ತಿದೆ. 151. ಮತ್ತೆ ತಲೆನೋವು.

ಫೆಬ್ರವರಿ 5
ನೇಮಕಾತಿ ಕಚೇರಿಗೆ ಫೋನ್ ಮಾಡಿ ದಿನಾಂಕ ಮುಂದಕ್ಕೆ ಹಾಕಿ ಎಂದು ಕೇಳಿದೆ. "ಸ್ಕ್ಯಾನ್ ನಾರ್ಮಲ್ ಐತಿ ಅಂತೀರಿ. ಮತ್ತೇನ್ ತ್ರಾಸ ನಿಮಗ?" ದಿನಾಂಕ ಬದಲಿಸಲಿಲ್ಲ. ಕೈ ಮುರಿದಿದ್ದರೆ ಪಟ್ಟಿಯಾದರೂ ಕಾಣುತ್ತಿತ್ತು.

ಫೆಬ್ರವರಿ 11
ಮತ್ತೆ ದೃಷ್ಟಿ. ಈ ಸಲ ಹಿಡಿಗಟ್ಟಲೆ ಹಾಕಿದಳು. ಪಕ್ಕದ ಮನೆಯವರೆಲ್ಲ ಕೆಮ್ಮುತ್ತ ಹೊರಬಂದರು. ಅವ್ವನ ಮುಖ ನೋಡಬೇಕಿತ್ತು! "ಹೋತು ನೋಡವಾ, ಎಲ್ಲಾ ಹೋತು. ನಾಳೆ ಓಡು." ಡಾಕ್ಟರ್ ಹೇಳಿದ್ದನ್ನು ಮತ್ತೆ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ, ನಾಳೆಯ ಬೂಟು ಒರೆಸಲು ಹೋದೆ.

ಫೆಬ್ರವರಿ 12, ಸಂಜೆ 5
ಶಾಹೀನ್ 1 ನಿಮಿಷ 43. ಪಾಸು. ಖುಷಿಯಾಗಬೇಕಿತ್ತು, ಹೊಟ್ಟೆ ಉರಿಯಿತು. ನಾಚಿಕೆಯೂ ಆಯಿತು.

ನಾನು... ಗೆರೆಯ ಮೇಲೆ ನಿಂತಾಗಲೇ 126. ಅರ್ಧ ಸುತ್ತು ಚೆನ್ನಾಗಿಯೇ ಓಡಿದೆ. ಆಮೇಲೆ ನೆಲ ವಾಲಿತು. ಕೂತುಬಿಟ್ಟೆ. ಲೇಡಿ ಪೊಲೀಸ್ ಒಬ್ಬರು ಬಂದು ರಟ್ಟೆ ಹಿಡಿದರು. "ಯಾಕವಾ, ಏನೂ ತಿಂದು ಬಂದಿಲ್ಲೇನ?"

ಗೇಟಿನ ಹೊರಗೆ ಅವ್ವ, ಕೆಲಸ ಬಿಟ್ಟು ಬಂದು ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದಳು. "ಪಾಸಾದಿ ಹೌದಿಲ್ಲೋ?" ತಲೆ ಆಡಿಸಿಬಿಟ್ಟೆ. ಹೌದು ಅಂತ. ಯಾಕೆ ಹಾಗೆ ಮಾಡಿದೆ? ರೈಲಿನಲ್ಲಿ ಹೇಳೋಣ ಎಂದುಕೊಂಡೆ. ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು.

ಈಗ ಓಣಿಯಲ್ಲಿ ಸಕ್ಕರೆ ಹಂಚುತ್ತಿದ್ದಾಳೆ. ಕಿಟಕಿಯಿಂದ ಕಾಣುತ್ತಾಳೆ. ಎರಡನೇ ಮನೆ. "ನಮ್ಮ ದುರ್ಗಾ ಪೊಲೀಸ್ ಆದಳ್ರೀ!" ಓಡಿ ಹೋಗಿ ಬಟ್ಟಲು ಹಿಡಿದುಕೊಳ್ಳಬೇಕು. ಎದ್ದೆ. 139. ಗೋಡೆ ಹಿಡಿದು ಕೂತೆ. ಮೂರನೇ ಮನೆ. ಕೂಗಿದರೆ ಕೇಳೀತು. "ಅವ್ವಾ, ಸಾಕು, ಒಳಗ ಬಾ... ನಾನು ಪಾಸಾಗಿಲ್ಲ." ಇಷ್ಟೇ ಕೂಗಬೇಕು.