ಇಪ್ಪತ್ತಾರು ಸಾವಿರದೊಳಗೆ ಒಂದು ಸಂಖ್ಯೆ ಹೇಳಿ

ಶುಕ್ರವಾರ, ಮಾರ್ಚ್ ೧೪
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ಪ್ರೀತಿಯ ಸಿಡುಕಿಗೆ,

ಅಕ್ಷರ ನೋಡಿದ ಕೂಡಲೇ ಯಾರೆಂದು ಗೊತ್ತಾಗಿರುತ್ತದೆ. ಹರಿದುಹಾಕಬೇಡ ಕಣೇ, ಪೂರ್ತಿ ಓದಿ ಆಮೇಲೆ ಹರಿ. ಹದಿನಾಲ್ಕು ತಿಂಗಳಿಂದ ಮಾತು ಬಿಟ್ಟವಳು ಈಗ ಕಾಗದ ಬರೆಯಲು ಕೂತಿದ್ದಾಳೆಂದರೆ ಏನೋ ಎಡವಟ್ಟು ಮಾಡಿಕೊಂಡಿರಬೇಕು ಅಂದುಕೊಳ್ಳುತ್ತೀಯ. ನೀನು ಅಂದುಕೊಂಡದ್ದು ಸರಿಯೇ. ಭಾನುವಾರ ಬೆಳಗ್ಗೆ ನನ್ನ ಮಾನ ಬೀದಿಗೆ ಬೀಳಲಿದೆ. ಅದರಲ್ಲಿ ನೀನೂ ಇದ್ದೀಯ. ಬೇರೆ ಯಾರೋ ನಿನಗೆ ತಿಳಿಸುವ ಮೊದಲು ನಾನೇ ತಪ್ಪೊಪ್ಪಿಕೊಂಡುಬಿಡೋಣ ಅಂತ.

ನನ್ನ ಕೆಲಸ ಇನ್ನೂ ಅದೇ, ಕಂಡವರಿಗೆಲ್ಲ ಹಲ್ಲು ಕಟ್ಟುವುದು. ಕಿಟಕಿ ಪಕ್ಕದ ಅದೇ ಮೇಜು, ಅದೇ ಮೇಣದ ಒಸಡು, ಬೆಳಗ್ಗೆ ಒಂಬತ್ತರಿಂದ ಕಿವಿಯಲ್ಲಿ ಹಾಡು. ಭಾನುವಾರ ಬಂದರೆ ಕೇಳಿದ ಹಾಡುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಯುವುದೂ ನಿಂತಿಲ್ಲ. ಕೊಂಕಿನ ಅಂಗಡಿ ಅಂತ ನೀನು ಹೆಸರಿಟ್ಟಿದ್ದೆಯಲ್ಲ, ಆ ಅಂಗಡಿಗೆ ಈಗ ಹತ್ತು ವರ್ಷ. ಅದರ ಸಂಭ್ರಮಕ್ಕೆ ಓದುಗರಿಗೊಂದು ಆಟ ಇಟ್ಟೆ. ನಾನು ಈ ಹತ್ತು ವರ್ಷದಲ್ಲಿ ಯಾವ ದಿನ ಯಾವ ಹಾಡು ಕೇಳಿದೆ ಎಂಬುದೆಲ್ಲ ಫೋನಿನಲ್ಲಿ ದಾಖಲಾಗಿದೆ. ಇಪ್ಪತ್ತಾರು ಸಾವಿರದ ಮುನ್ನೂರ ನಲವತ್ತು ಸಲ ಕೇಳಿದ್ದೇನೆ. ಎಲ್ಲಕ್ಕೂ ಹಳೆಯದರಿಂದ ಈಚಿನದರವರೆಗೆ ವರಸೆಯಾಗಿ ಸಂಖ್ಯೆ ಕೊಟ್ಟೆ. ನಿಮಗೆ ತೋಚಿದ ಒಂದು ಸಂಖ್ಯೆ ಹೇಳಿ, ಯಾವ ಹಾಡು ಬಂದರೂ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ ಅಂದೆ. ಅಷ್ಟಕ್ಕೇ ಸುಮ್ಮನಿರಬೇಕೋ ಬೇಡವೋ? ನಲವತ್ತು ಜನ ಆಡಿದ ಮೇಲೆ ಪಟ್ಟಿಯನ್ನೇ ತೆರೆದಿಡುತ್ತೇನೆ, ಮೋಸ ಮಾಡಿದ್ದರೆ ಹಿಡಿಯಿರಿ ಅಂತ ಜಂಬವನ್ನೂ ಕೊಚ್ಚಿಕೊಂಡೆ.

ಮೊದಲ ವಾರವೇ ಮುಖಭಂಗ. ಒಬ್ಬ ಬಸ್ ಚಾಲಕರು ಏಳು ಸಾವಿರದ ಎಷ್ಟೋ ಎಂದರು. ತೆಗೆದು ನೋಡಿದರೆ ಕಪ್ಪೆಮರಿಗೆ ನೆಗಡಿಯಾದ ಮಕ್ಕಳ ಹಾಡು, ನಿನ್ನ ಮಗಳು ಚಿಕ್ಕವಳಿದ್ದಾಗ ನನ್ನ ಫೋನು ಕಿತ್ತುಕೊಂಡು ಒಂದೇ ಮಧ್ಯಾಹ್ನ ಇಪ್ಪತ್ತು ಸಲ ಹಾಕಿದ್ದು! ಬರೆದೆ. ಆಮೇಲೆ ಒಬ್ಬ ದಾದಿಯ ಸಂಖ್ಯೆಗೆ ಬಿದ್ದದ್ದು, ಹಳಸಲು ಹಾಡು, ಕೇಳಿದವರಿಗೆ ಅಜೀರ್ಣವಾಗುತ್ತದೆ ಅಂತ ನಾನೇ ಹಿಂದೆ ಬೈದು ಬರೆದಿದ್ದ ಹಾಡು. ಬೈದ ಮಾರನೆಯ ದಿನವೇ ಮತ್ತೆ ಕೇಳಿದ್ದೇನೆ! ಅದನ್ನೂ ಒಪ್ಪಿಕೊಂಡೆ. ಓದುಗರಿಗೆ ನಕ್ಕು ನಕ್ಕು ಸಾಕಾಯಿತು, ನನಗೂ ಖುಷಿಯಾಯಿತು. ಇಷ್ಟು ವರ್ಷ ಪಂಡಿತೆಯ ಹಾಗೆ ಬರೆದಾಗ ಯಾರೂ ಇಷ್ಟು ಪ್ರೀತಿಯಿಂದ ಉತ್ತರ ಬರೆದಿರಲಿಲ್ಲ.

ಹನ್ನೊಂದನೆಯವರ ಸಂಖ್ಯೆಗೆ ನಿನ್ನ ಹಾಡು ಬಂತು.

ಹೌದು, ನಿನ್ನದೇ. ನೀನು ಜೀವಮಾನದಲ್ಲಿ ಹಾಡಿ ಹೊರಗೆ ಬಿಟ್ಟ ಒಂದೇ ಒಂದು ಹಾಡು. ಆ ಸಂಖ್ಯೆಯಲ್ಲಿ ಬರೀ ಜಾಹೀರಾತು ಇದೆ, ಬೇರೆ ಹೇಳಿ ಅಂದುಬಿಟ್ಟೆ. ಹತ್ತೊಂಬತ್ತನೆಯವರಿಗೆ ಮತ್ತೆ ನೀನೇ. ದಾಖಲೆ ಅಳಿಸಿಹೋಗಿದೆ ಅಂದೆ. ಇಪ್ಪತ್ತಾರನೆಯವರಿಗೆ ಫೋನು ಕೆಟ್ಟಿತ್ತು ಅಂದೆ. ಮೂವತ್ತೆಂಟನೆಯವರು ಒಬ್ಬ ಅಜ್ಜಿ. ಅವರಿಗೆ ಏನು ಹೇಳಿದೆನೋ ನನಗೇ ನೆನಪಿಲ್ಲ, ಅಂತೂ ಬಾಯಿಗೆ ಬಂದದ್ದು ಒಂದು ಸುಳ್ಳು.

ನಮ್ಮ ಓದುಗರಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರಿದ್ದಾರೆ. ಎಂದೂ ತುಟಿ ಬಿಚ್ಚದವರು ಮೊನ್ನೆ ಎಲ್ಲರೆದುರಿಗೇ ಬರೆದರು. ಅಲ್ಲಮ್ಮಾ, ನಲವತ್ತರಲ್ಲಿ ನಾಲ್ಕು ಸಲ ಜಾರಿಕೊಂಡ್ರಿ, ನಾಲ್ಕೂ ಸಂಖ್ಯೆ ಇಪ್ಪತ್ತೆರಡು ಸಾವಿರದಿಂದ ಆಚೆಗೇ ಇವೆ, ಅಂದ್ರೆ ಈಚಿನವು. ಅದೂ ಒಂದೇ ಹಾಡು ಅನ್ನೋದು ನನ್ನ ಅನುಮಾನ. ಹಾಗಿದ್ರೆ ಹತ್ತಕ್ಕೊಂದು ಸಲ ನೀವು ಕೇಳಿರೋದು ಅದನ್ನೇ. ಇಷ್ಟು ಇಷ್ಟಪಟ್ಟಿದ್ದನ್ನ ಬಚ್ಚಿಡ್ತೀರಲ್ಲ, ಯಾಕೆ ಅಂತ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಯಿತು. ಅವತ್ತೇ ಕೂತು ಎಣಿಸಿದೆ. ಎರಡು ಸಾವಿರದ ಆರುನೂರ ಹದಿನಾಲ್ಕು. ಕೆಲಸದ ದಿನಗಳಲ್ಲಿ ದಿನಕ್ಕೆ ಎಂಟೊಂಬತ್ತು ಸಲ ನಿನ್ನ ದನಿ ಕೇಳಿದ್ದೇನೆ. ಹಿಂದೆ ದಿನವೂ ಹರಟುತ್ತಿದ್ದಾಗಲೂ ಇಷ್ಟು ಕೇಳಿರಲಿಲ್ಲವೇನೋ.

ಆವತ್ತು ನಿಮ್ಮ ಅಡುಗೆಮನೆಯಲ್ಲಿ ಏನಾಯಿತೆಂದು ಇಬ್ಬರಿಗೂ ನೆನಪಿದೆ. ನೀನು ಒದ್ದೆ ಕೂದಲಲ್ಲೇ ಈಜುಕೊಳದಿಂದ ಓಡಿಬಂದು, ಕೇಳು ಕೇಳು ಅಂತ ನನ್ನ ಒಂದು ಕಿವಿಗೆ ಹಾಡು ಕೇಳುವ ತಂತಿ, ಇನ್ನೊಂದು ಕಿವಿಗೆ ನಿನ್ನ ಬಾಯಿ. ಹಾಡು ಮುಗಿಯಿತು. ಹೇಗಿದೆಯೇ ಅಂದೆ ನೀನು. ನಾನು, ಚೆನ್ನಾಗಿದೆ, ಆದರೆ ಎರಡನೇ ಚರಣದಲ್ಲಿ ಯಾಕೋ ಆತುರ ಬಿದ್ದಿದ್ದೀಯ ಅಂದೆ. ಊರವರ ಹಾಡಿಗೆಲ್ಲ ಪುಟಗಟ್ಟಲೆ ಬರೀತೀಯ, ನನ್ನ ಹಾಡಿಗೆ ಒಂದು ಆದರೆ, ಅಷ್ಟೇನಾ ಅಂದೆ ನೀನು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ನಿನ್ನ ಸಿಡುಕು ಎರಡು ದಿನದಲ್ಲಿ ಇಳಿಯುತ್ತದೆ ಅಂತ ನಾನು ಸುಮ್ಮನಿದ್ದೆ. ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ.

ಈಗ ಕೇಳು. ಆತುರ ಇರಲಿಲ್ಲ. ಮೊದಮೊದಲು ನಾನು ಅದನ್ನು ಕೇಳಿದ್ದೇ ತಪ್ಪು ಹುಡುಕುವುದಕ್ಕೆ. ನಾನು ಹೇಳಿದ್ದು ಸರಿ ಅಂತ ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಹತ್ತು ಸಲ, ಐವತ್ತು ಸಲ ಕೇಳಿದೆ. ಸಿಗಲಿಲ್ಲ. ಯಾವಾಗ ಹುಡುಕುವುದು ಬಿಟ್ಟು ಸುಮ್ಮನೆ ಕೇಳತೊಡಗಿದೆನೋ ಗೊತ್ತಿಲ್ಲ. ಆ ಎರಡನೇ ಚರಣ ಬಂದಾಗ ಕೈಯಲ್ಲಿರುವ ಹಲ್ಲನ್ನು ಕೆಳಗಿಡುತ್ತೇನೆ. ಪಕ್ಕದ ಮೇಜಿನವನು, ಏನಕ್ಕಾ, ಮತ್ತೆ ಕಣ್ಣಲ್ಲಿ ಮೇಣ ಹೋಯ್ತಾ ಅಂತ ರೇಗಿಸುತ್ತಾನೆ.

ಹೊಟ್ಟೆಕಿಚ್ಚು ಕಣೇ. ಬರೀ ಹೊಟ್ಟೆಕಿಚ್ಚು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹಾಡುತ್ತಿದ್ದೆವು, ನನ್ನ ದನಿಯೇ ಚೆಂದ ಅನ್ನುತ್ತಿದ್ದರು. ನಾನು ನಗುತ್ತಾರೆಂದು ಹೆದರಿ ಬಿಟ್ಟೆ. ಬೇರೆಯವರ ಹಾಡನ್ನು ತೂಗುವುದು ಸುಲಭ, ಅದನ್ನು ಹಿಡಿದುಕೊಂಡೆ. ನೀನು ನಲವತ್ತಾರನೇ ವಯಸ್ಸಿನಲ್ಲಿ, ಮಕ್ಕಳಿಗೆ ನೀರಿನಲ್ಲಿ ಕೈಕಾಲು ಬಡಿಯುವುದು ಕಲಿಸಿ ಕಲಿಸಿ ಗಂಟಲು ಒಡೆದುಹೋಗಿದ್ದಾಗ, ಹೋಗಿ ಹಾಡಿಯೇಬಿಟ್ಟೆ. ಅಷ್ಟು ಚೆನ್ನಾಗಿ ಹಾಡಿದೆ. ನನಗೆ ತಡೆಯಲಾಗಲಿಲ್ಲ.

ಹೋದ ತಿಂಗಳು ನಿನ್ನ ಮಗಳು ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದಳು. ಅಮ್ಮ ಈಗ ಸ್ನಾನದ ಮನೆಯಲ್ಲೂ ಹಾಡಲ್ಲ ಆಂಟಿ ಅಂದಳು. ಹುಡುಗಿ ಸುಮ್ಮನೆ ಅಂದದ್ದು, ನಾನು ಕೊಳ್ಳಬೇಕಾದ ಔಷಧಿಯನ್ನೇ ಮರೆತು ಮನೆಗೆ ಬಂದೆ. ನನ್ನ ಒಂದು ಮಾತಿಗೆ ನೀನು ಹಾಡು ಬಿಟ್ಟೆಯಾ? ನನ್ನಂಥವಳ ಮಾತಿಗೆ? ಬೈಯಬೇಕಿತ್ತು, ಎರಡು ಏಟು ಹಾಕಬೇಕಿತ್ತು, ಇನ್ನೂ ಜೋರಾಗಿ ಹಾಡಬೇಕಿತ್ತು.

ಭಾನುವಾರ ಪಟ್ಟಿ ತೆರೆಯುತ್ತೇನೆ. ಮೇಷ್ಟ್ರಿಗೆ, ಆ ಅಜ್ಜಿಗೆ, ಎಲ್ಲರಿಗೂ ಕ್ಷಮೆ ಕೇಳಿ, ನಾಲ್ಕು ಸುಳ್ಳಿಗೂ ಒಂದೇ ಉತ್ತರ ಬರೆದಿದ್ದೇನೆ, ನಿನ್ನ ಹಾಡಿನ ಮೇಲೆ ಮೂರು ಪುಟ. ಅದರಲ್ಲಿ ಆದರೆ ಎಂಬ ಮಾತು ಒಂದೂ ಇಲ್ಲ. ಈ ಕಾಗದವನ್ನು ಇವತ್ತು ಸಂಜೆಯೇ ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ, ನಿನಗೆ ಬೇಡವೆಂದರೆ ನಾಳೆ ಸಂಜೆಯೊಳಗೆ ಹೇಳು. ನಿನ್ನ ಹೆಸರು ತೆಗೆಯುತ್ತೇನೆ, ನನ್ನ ತಪ್ಪನ್ನು ಮಾತ್ರ ತೆಗೆಯುವುದಿಲ್ಲ. ಊಟದ ಬಿಡುವು ಮುಗಿಯಿತು, ಒಬ್ಬ ತಾತನ ಮೇಲ್ದವಡೆ ಕಾಯುತ್ತಿದೆ.

ಸಿಟ್ಟಿದ್ದರೂ ಇರಲಿ, ಹಾಡು ಮಾತ್ರ ಬಿಡಬೇಡ.

ನಿನ್ನ
ಕೊಂಕಮ್ಮ

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆಟ ಹತ್ತು ವರ್ಷದ ಸಂಭ್ರಮಕ್ಕೆ ಅಂದದ್ದೂ ಸುಳ್ಳು. ನಿನ್ನ ಮಗಳು ಸಿಕ್ಕ ಮಾರನೆಯ ದಿನವೇ ಅದನ್ನು ಶುರು ಮಾಡಿದ್ದು. ನನ್ನ ಕೈಲಾಗದ್ದನ್ನು ಯಾರಾದರೂ ಗುರುತಿಲ್ಲದವರು ಒಂದು ಸಂಖ್ಯೆ ಹೇಳಿ ಮಾಡಿಸಲಿ ಅಂತ. ಅವರು ನಾಲ್ಕು ಸಲ ಬಾಗಿಲು ತಟ್ಟಿದರು, ನಾಲ್ಕು ಸಲವೂ ನಾನೇ ಚಿಲಕ ಹಾಕಿಕೊಂಡೆ. ಇನ್ನು ಯಾರನ್ನೂ ನೆಚ್ಚಿ ಕೂರುವುದಿಲ್ಲ. ಮಂಗಳವಾರ ಬೆಳಗ್ಗೆ ಏಳಕ್ಕೆ ನಿನ್ನ ದೊಡ್ಡವರ ಈಜು ತರಗತಿಗೆ ಒಬ್ಬಳು ಹೊಸಬಳು ಸೇರಿದ್ದಾಳಂತಲ್ಲ, ಅವಳು ನಾನೇ. ಮೊಣಕಾಲುದ್ದ ನೀರು ಕಂಡರೂ ನಾನು ಕಿರುಚುತ್ತೇನೆಂದು ನಿನಗೆ ಗೊತ್ತು. ಎಲ್ಲರ ಮುಂದೆ ಚೆನ್ನಾಗಿ ಬೈದು ಕಲಿಸು, ಮುಳುಗುವ ಹಾಗಾದರೆ ಮಾತ್ರ ಕೈ ಹಿಡಿ.