ಬಿಳಿ ಹಾಳೆಯ ಫೋಟೊ

ನಮಸ್ಕಾರ.

ನಾವು ಬೇರೆಯಾಗುವಾಗ ಕ್ಯಾಮೆರಾ ನನ್ನ ಪಾಲಿಗೆ, ನಿಮ್ಮ ತಂದೆಯ ಕಾಲದ ವೈಡ್ ಲೆನ್ಸ್ ನಿಮ್ಮ ಪಾಲಿಗೆ ಬಂತು. ಈಗ ಆ ಲೆನ್ಸ್ ನನಗೆ ಹತ್ತು ನಿಮಿಷದ ಮಟ್ಟಿಗೆ ಬೇಕಾಗಿದೆ.

ನಿಮ್ಮ ಅಮ್ಮ ಪ್ರತಿ ಗುರುವಾರ ಇಲ್ಲಿಗೆ ಬರುತ್ತಾರೆ. ನಿಮಗೆ ಹೇಳಿಲ್ಲವಂತೆ, ನಾನೂ ಹೇಳಿಲ್ಲವೆಂದುಕೊಳ್ಳಿ. ಹಳೆಯ ಮನೆಯ ತಾರಸಿಯಲ್ಲಿ ಆ ಲೆನ್ಸಿನಿಂದ ಅಂದು ತೆಗೆದಿದ್ದ ಫೋಟೊ ಅವರಿಗೆ ಬೇಕಂತೆ. ಫಿಲ್ಮ್ ಕಾಲದ ಲೆನ್ಸು ಡಿಜಿಟಲ್ ಕ್ಯಾಮೆರಾದಲ್ಲಿ ಅಂಚಿನ ಬಣ್ಣ ಕೆಡಿಸುವುದು ನಿಮಗೆ ಗೊತ್ತಿರುವುದೇ. ಎಡದ ಅಂಚಿನಲ್ಲಿ ಅತ್ತೆ ನೇರಳೆ, ಬಲದಲ್ಲಿ ನಾನು ಹಸಿರು.

"ನಾನು ಬದನೆಕಾಯಿ, ನೀನು ಹಾಗಲಕಾಯಿ," ಎಂದರು. ಕಪ್ಪು-ಬಿಳುಪು ಮಾಡಿಕೊಡುತ್ತೇನೆಂದರೆ, "ಕೆಂಪು ಶಾಲು ಹೊದ್ದಿದ್ದು ಸುಮ್ನೇನಾ?" ಎಂದು ಕೇಳಿದರು.

ಅದೇ ಲೆನ್ಸನ್ನು ಅದೇ ಕ್ಯಾಮೆರಾಕ್ಕೆ ಹಾಕಿ ಬಿಳಿ ಹಾಳೆಯದೊಂದು ಫೋಟೊ ತೆಗೆದರೆ, ಎಲ್ಲಿ ಎಷ್ಟು ಕೆಟ್ಟಿದೆ ಎಂದು ಕಂಪ್ಯೂಟರಿಗೆ ತಿಳಿಯುತ್ತದೆ, ತಿದ್ದಬಹುದು. ಒಂದನ್ನು ಬಿಟ್ಟು ಇನ್ನೊಂದರಿಂದ ಆಗದು. ಭಾನುವಾರ ಬೆಳಿಗ್ಗೆ ಲೆನ್ಸ್ ತನ್ನಿ. ಕೊರಿಯರ್ ಬೇಡ, ಗಾಜು ಹಳೆಯದು. ಅಮ್ಮನ ಕೈಲೂ ಕಳಿಸಬೇಡಿ, ಬೀಳಿಸಿಯಾರು. ಹಾಳೆ ನನ್ನಲ್ಲಿದೆ.

ನಡುವಿನ ಖಾಲಿ ಕುರ್ಚಿಯ ಬಣ್ಣವೊಂದು ಸರಿಯಾಗಿಯೇ ಇದೆ. ನೀವು ಟೈಮರ್ ಒತ್ತಿ ಬಂದು ಕೂರುವಷ್ಟರಲ್ಲಿ ಫೋಟೊ ಆಗಿಹೋಗಿತ್ತು. "ಇವನನ್ನೂ ಅಲ್ಲಿ ಕೂರಿಸೋಕಾಗುತ್ತೇನಮ್ಮ?" ಎಂದು ಅತ್ತೆ ಕೇಳಿದರು.

ಅದಕ್ಕೆ ಬಿಳಿ ಹಾಳೆ ಸಾಲದು ಎಂದೆ.

ಇಂತಿ,
ಕ್ಯಾಮೆರಾ ಪಾಲಿಗೆ ಬಂದವಳು